ತಮ್ಮನಿಲ್ಲದ ಆಕಾಶನೌಕೆ

ಹಳದೀಪುರದಲ್ಲಿ ಹೆದ್ದಾರಿಯ ಬದಿಗೆ, ಬಸ್ಸು ನಿಲ್ಲುವಲ್ಲಿಂದ ನಾಲ್ಕು ಮಾರು ಆಚೆ, ಮೋಹನನ ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಕುತ್ತಿಗೆ ಬಗ್ಗಿಸುವ ಒಂದು ದೀಪ, ಒಂದು ಭೂತಗನ್ನಡಿ, ಇವುಗಳ ನಡುವೆ ಒಬ್ಬ ಮನುಷ್ಯ. ಊರಿನವರೆಲ್ಲ ಯಾರ್ಯಾರ ಜತೆಗೋ ಮಾತಾಡುವ ಯಂತ್ರಗಳು ಅವನ ಮುಂದೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ಅವನ ಸ್ವಂತ ಫೋನು ಮಾತ್ರ ಗಿರಾಕಿಗಳು ‘ರೆಡಿ ಆಯ್ತಾ’ ಎಂದು ಕೇಳಲು ಕರೆ ಮಾಡಿದಾಗಷ್ಟೇ ಹೊಡೆದುಕೊಳ್ಳುತ್ತಿತ್ತು. ವಯಸ್ಸು ಮೂವತ್ತೆಂಟು, ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನಿಗಾಗುವಷ್ಟು ಅನ್ನ ಬೇಯಿಸಿಕೊಳ್ಳುತ್ತಿದ್ದ. ಒಬ್ಬನಿಗೆ ಎಂದು ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಪಾತ್ರೆಯ ತಳದಲ್ಲಿ ಇನ್ನೊಬ್ಬನ ಪಾಲು ಉಳಿದೇ ಉಳಿಯುತ್ತಿತ್ತು.

ಇನ್ನೊಬ್ಬನೆಂದರೆ ಅಣ್ಣ ತಿಮ್ಮಪ್ಪ. ಅವನಿದ್ದದ್ದು ಭಟ್ಕಳದ ಬಂದರದಲ್ಲಿ, ಬಸ್ಸು ಹತ್ತಿದರೆ ಒಂದೂವರೆ ತಾಸಿನ ದಾರಿ. ಆದರೆ ಅಣ್ಣ ತಮ್ಮ ಮಾತು ಬಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು.

ಮಾತು ಬಿಟ್ಟದ್ದು ಮನೆ ಹಿತ್ತಲಿಗಾಗಿ ಅಲ್ಲ. ಅವರಲ್ಲಿ ಅಪ್ಪನ ಚಿತೆಗೆ ಹಿರಿಮಗ ಬೆಂಕಿ ಇಡಬೇಕು, ಅಮ್ಮನ ಚಿತೆಗೆ ಕಿರಿಮಗ. ಅಪ್ಪ ಸತ್ತಾಗ ಮೋಹನ ಇನ್ನೂ ತೊಟ್ಟಿಲಲ್ಲಿದ್ದ. ಅಮ್ಮ ತೀರಿಕೊಂಡದ್ದು ಆಷಾಢದ ಜಡಿಮಳೆಯಲ್ಲಿ. ಆ ಹೊತ್ತಿಗೆ ಮೋಹನನಿಗೆ ಮೂವತ್ತನಾಲ್ಕು. ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಕೊಡ ಹೊರಲು ಹೆಗಲು ಸರಿಮಾಡಿಕೊಂಡು ಅವನು ನಿಂತಿದ್ದಾಗ ತಿಮ್ಮಪ್ಪ ಬಂದು ಕೊಡ ಕಸಿದುಕೊಂಡ. ಯಾರಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ತಗಡಿನ ಮಾಡಿನ ಕೆಳಗೆ ಹಾಕಿಸಿ, ಒಣ ಪಂಚೆ ಸುತ್ತಿ, ತಮ್ಮನನ್ನು ಅದರಲ್ಲಿ ಕೂರಿಸಿದ. ಇವನ ಎದೆ ತಂಡಿ ತಡೆಯುವುದಿಲ್ಲ ಎಂದು ಭಟ್ಟರಿಗೆ ಹೇಳಿ, ಬೆಂಕಿಯನ್ನೂ ತಾನೇ ಇಟ್ಟ. ಊರಿನ ಗಂಡಸರೆಲ್ಲ ಮಳೆಯಲ್ಲಿ ನಿಂತಿದ್ದರು. ಮೋಹನನೊಬ್ಬ ಕುರ್ಚಿಯಲ್ಲಿ ಕೂತು, ಮದುವೆಗೆ ಬಂದ ನೆಂಟನ ಹಾಗೆ, ತನ್ನ ಅಮ್ಮ ಉರಿಯುವುದನ್ನು ನೋಡಿದ. ಹೊಗೆ ಇಳಿದ ಮೇಲೆ ಅಣ್ಣನ ಎದುರು ಹೋಗಿ, ಇನ್ನು ನೀನು ನನಗೆ ಅಣ್ಣನಲ್ಲ ಎಂದ. ಎಲ್ಲರ ಎದುರಿಗೆ ಎಂದ. ತಿಮ್ಮಪ್ಪ ಹತ್ತು ದಿನದ ಕರ್ಮ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು ಭಟ್ಕಳಕ್ಕೆ ಹೋದವನು ಮತ್ತೆ ಮಾತಾಡಲಿಲ್ಲ.

ಆಮೇಲೆ ಮೂರು ವರ್ಷವೂ ತಿಥಿಯನ್ನು ತಿಮ್ಮಪ್ಪನೇ ಮಾಡಿದ. ಈ ವರ್ಷದ್ದು ತನ್ನ ಕೈಯಿಂದ ಆಗಬೇಕೆಂದು ಮೋಹನನ ಮನಸ್ಸು ಹಟ ಹಿಡಿದಿತ್ತು. ಧಾರೇಶ್ವರಕ್ಕೆ ಹೋಗಿ ಕೃಷ್ಣಾನಂದ ಭಟ್ಟರನ್ನು ಕೇಳಿಯೂ ಬಂದಿದ್ದ. ಚಿತೆಗೆ ಬೆಂಕಿ ಇಟ್ಟವನದೇ ಅಧಿಕಾರ, ಅವನು ಬಾಯಿಬಿಟ್ಟು ಆತು ಅಂದರೆ ಕಿರಿಯವನು ಮಾಡಬಹುದು, ಚೀಟಿಯಲ್ಲಿ ಬರೆದು ಕಳಿಸಿದರೆ ಸಾಲದು ಎಂದಿದ್ದರು ಅವರು. ಹಾಗಾಗಿ ಅಣ್ಣನ ಬಾಯಿಂದ ಒಂದೇ ಒಂದು ‘ಆತು’ ಬೇಕಾಗಿತ್ತು. ಅದನ್ನು ಕೇಳಬೇಕಾದರೆ ಅಣ್ಣಾ ಎಂದು ಕರೆಯಬೇಕಿತ್ತು. ಅಲ್ಲಿಗೆ ಬಂದು ಮೋಹನನ ನಾಲಿಗೆ ನಿಂತುಬಿಡುತ್ತಿತ್ತು. ತಿಥಿಗೆ ಇನ್ನು ಹದಿನೈದೇ ದಿನ ಉಳಿದಿತ್ತು.

ಹೀಗಿರುವಾಗ ಒಂದು ದಿನ ನೇತ್ರಾ ತನ್ನ ಫೋನು ತಂದುಕೊಟ್ಟಳು. ಊರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಡುಗಿ, ಮಾತು ಜಾಸ್ತಿ. ಫೋನಿನ ಸ್ವರ ಬಿದ್ದುಹೋಗಿತ್ತು. ಮೋಹನ ಹೊಸ ಸ್ಪೀಕರ್ ಕೂರಿಸಿ, ಸ್ವರ ಸರಿ ಬರುತ್ತದೋ ನೋಡಲು ಅವಳ ಫೋನಿನಲ್ಲೇ ಇದ್ದ ಒಂದು ಸಿನಿಮಾ ಹಾಕಿದ. ಇಂಗ್ಲಿಷ್ ಸಿನಿಮಾ, ಹಳೆಯದು, ಯಾರೋ ಈಚೆಗೆ ಅದಕ್ಕೆ ಕನ್ನಡದ ಮಾತು ಕೂರಿಸಿದ್ದರು. ಕಪ್ಪು ಆಕಾಶದಲ್ಲಿ ನಿಧಾನಕ್ಕೆ ಒಂದು ನೌಕೆ ಬಂತು. ಬಾಯಿ ತೆರೆದ ಚಿಪ್ಪಿಕಲ್ಲಿನ ಆಕಾರ, ಒಳಗೆ ಮುತ್ತಿನಂತೆ ಒಂದು ದೀಪ.

ಮೋಹನನ ಕೈಯಿಂದ ತಿರುಪುಮೊಳೆ ಜಾರಿತು. ಈ ನೌಕೆಯನ್ನು ಅವನು ಬಲ್ಲ. ಒಮ್ಮೆಯೂ ನೋಡಿರದಿದ್ದರೂ ಬಲ್ಲ.

ಮೋಹನ ಹುಡುಗನಾಗಿದ್ದಾಗ ಅವರು ಶರಾವತಿಯ ಬಾಯಲ್ಲಿರುವ ಮಾವಿನಕುರ್ವೆಯಲ್ಲಿದ್ದರು. ಸುತ್ತ ನೀರು, ಹೊನ್ನಾವರಕ್ಕೆ ಹೋಗಲು ದೋಣಿಯೊಂದೇ ದಾರಿ. ಮೋಹನನಿಗೆ ಒಂಬತ್ತು ತುಂಬಿದ ವರ್ಷ ಕೀಲುಕೀಲಿಗೆ ಬಾವು ಬಂದು, ಜ್ವರ ಎದೆಗೆ ಇಳಿಯಿತು. ಇಪ್ಪತ್ತೊಂದು ದಿನಕ್ಕೊಂದು ಸೂಜಿ. ಓಡಬಾರದು, ಹತ್ತಬಾರದು, ನೀರಿಗಿಳಿಯಬಾರದು. ನೀರಿನ ನಡುವೆಯೇ ಇರುವ ಊರಲ್ಲಿ ನೀರಿಗಿಳಿಯಬಾರದು ಎಂದ ಮೇಲೆ ಹುಡುಗನಿಗೆ ಉಳಿದದ್ದು ಜಗಲಿ ಮಾತ್ರ. ಅಮ್ಮ ಬೆಳಿಗ್ಗೆಯೇ ಒಣಮೀನಿನ ಕಣಕ್ಕೆ ಹೋಗಿಬಿಡುತ್ತಿದ್ದಳು. ಅಣ್ಣ ಹೊನ್ನಾವರದ ಐಸ್ ಕಾರ್ಖಾನೆಗೆ. ಜಗಲಿಯಲ್ಲಿ ಮೋಹನ ಕೂತು, ಹೊಳೆಯಲ್ಲಿ ಹೋಗುವ ದೋಣಿಗಳನ್ನು ಎಣಿಸಿ, ಎಣಿಕೆ ತಪ್ಪಿಸಿಕೊಂಡು, ಮತ್ತೆ ಮೊದಲಿಂದ ಎಣಿಸುತ್ತಿದ್ದ.

ಶನಿವಾರ ಮಾತ್ರ ಬೇರೆ. ಶನಿವಾರ ಹೊನ್ನಾವರದ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ. ಹದಿನಾರು ವರ್ಷದ ತಿಮ್ಮಪ್ಪ ಕೆಲಸ ಬಿಟ್ಟವನೇ ಅಲ್ಲಿಗೆ ಹೋಗಿ, ಕತ್ತಲಾಗುವಾಗ ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ ತಮ್ಮನ ಪಕ್ಕ ಕೂತು ಶುರು ಮಾಡುತ್ತಿದ್ದ. ಒಂದಾನೊಂದು ಕಾಲದಲ್ಲಿ ಎಂಬ ಮಾತು ಅವನ ಕತೆಗಿರಲಿಲ್ಲ. ಇನ್ನೂ ಬಾರದ ಒಂದು ಕಾಲದಲ್ಲಿ, ಎನ್ನುತ್ತಿದ್ದ. ಇನ್ನೂ ಬಾರದ ಒಂದು ಕಾಲದಲ್ಲಿ ಚಿಪ್ಪಿನಂಥ ಒಂದು ಹಡಗು, ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು. ಇನ್ನೊಂದು ಶನಿವಾರ ಕೆಂಪು ಹೊಯಿಗೆಯ ಗ್ರಹ, ಎಲ್ಲಿ ನೋಡಿದರೂ ಮರಳು, ಅಲ್ಲೂ ಇಬ್ಬರು ಅಣ್ಣತಮ್ಮಂದಿರು. ಒಮ್ಮೆ ಗಾಜಿನ ಪೆಟ್ಟಿಗೆಗಳಲ್ಲಿ ನೂರು ವರ್ಷ ಮಲಗಿದ ಜನ, ಅವರಲ್ಲಿ ಎಚ್ಚರವಾದವರು ಇಬ್ಬರೇ. ಪ್ರತಿ ಸಲವೂ ಹಡಗಿನ ಹೊರಗೆ ಏನೋ ಒಂದು ಮುರಿಯುತ್ತಿತ್ತು. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗಾಳಿಯಿಲ್ಲದ ಕತ್ತಲೆಗೆ ಹೊರಡುತ್ತಿದ್ದ. ತಮ್ಮ ಕಿಟಕಿಯ ಹತ್ತಿರ ಕೂತು ನೋಡುತ್ತಿದ್ದ. ಅಣ್ಣ ವಾಪಸು ಬರುತ್ತಾನೋ ಎಂದು ಮೋಹನ ಉಸಿರು ಬಿಗಿಹಿಡಿದು ಕೇಳಿದರೆ, ಬರದೆ ಎಲ್ಲಿಗೆ ಹೋಗುತ್ತಾನೆ, ಒಳಗೆ ಗಂಜಿ ತಣ್ಣಗಾಗುವುದಿಲ್ಲವೇ ಎನ್ನುತ್ತಿದ್ದ ತಿಮ್ಮಪ್ಪ.

ಒಂದೂವರೆ ವರ್ಷ ಹೀಗೆ ನಡೆಯಿತು. ಜ್ವರ ಬಿಟ್ಟು ಶಾಲೆಗೆ ಹೋದ ಮೇಲೆ ಮೋಹನ ಆ ಸಿನಿಮಾಗಳನ್ನೆಲ್ಲ ತಾನೇ ಕಣ್ಣಾರೆ ಕಂಡವನ ಹಾಗೆ ಹುಡುಗರಿಗೆ ಹೇಳಿದ್ದ. ದೊಡ್ಡವನಾದ ಮೇಲೂ ಎಲ್ಲಾದರೂ ಅಂಥ ಸಿನಿಮಾದ ಮಾತು ಬಂದರೆ, ಅದು ಅಣ್ಣತಮ್ಮನ ಕತೆಯಲ್ಲವಾ ಎಂದುಬಿಡುತ್ತಿದ್ದ. ಬಾಹ್ಯಾಕಾಶಕ್ಕೆ ಹೋಗುವುದೇ ಅಣ್ಣತಮ್ಮಂದಿರು ಎಂದು ಅವನು ನಂಬಿದ್ದ.

ಈಗ ಅಂಗಡಿಯಲ್ಲಿ ಕೂತು, ಆ ಅಂಗೈಯಗಲದ ಗಾಜಿನಲ್ಲಿ, ಇಬ್ಬರು ಬರುವುದನ್ನು ಕಾದ. ಅಗಲ ದವಡೆಯ ಒಬ್ಬ ಗಂಡಸು ಬಂದ. ಅವನು ಯಂತ್ರದ ಜತೆ ಮಾತಾಡಿದ, ತನ್ನ ಜತೆ ತಾನೇ ಮಾತಾಡಿದ, ಡಬ್ಬಿಯಿಂದ ಏನೋ ತೆಗೆದು ತಿಂದ. ಹೊರಗೆ ಏನೋ ಮುರಿಯಿತು. ಹಗ್ಗ ಕಟ್ಟಿಕೊಂಡು ಹೊರಟ. ಮೋಹನ ಫೋನನ್ನು ಕಣ್ಣಿಗೆ ತಂದುಕೊಂಡು ಕಿಟಕಿಯನ್ನು ಹುಡುಕಿದ. ಕಿಟಕಿ ಇತ್ತು, ಅದರ ಹಿಂದೆ ಒಂದು ಖಾಲಿ ಕೋಣೆ ಇತ್ತು.

ನೇತ್ರಾ ಬಂದು ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಮೋಹನಣ್ಣಾ, ಸ್ಪೀಕರ್ ನೋಡೂಕೆ ಇಡೀ ಸಿನಿಮಾ ಬೇಕಾ?”

“ಇದ್ರಲ್ಲಿ ಇವ್ನ ತಮ್ಮ ಎಲ್ಲಿ?”

“ಯಾರ ತಮ್ಮ? ನಾ ಮೂರು ಸಲ ನೋಡಿದ್ದೆ ಮಾರಾಯಾ. ತಮ್ಮನೂ ಇಲ್ಲ, ತಂಗಿನೂ ಇಲ್ಲ. ಪಾಪ, ಅಂವ ಒಬ್ಬನೇ.”

ಅವಳಿಗೆ ಇಂಥ ಸಿನಿಮಾಗಳ ಹುಚ್ಚು. ಮೋಹನ ಕೆಂಪು ಹೊಯಿಗೆಯ ಗುರುತು ಹೇಳಿದರೆ, ಗಾಜಿನ ಪೆಟ್ಟಿಗೆಯ ಗುರುತು ಹೇಳಿದರೆ, ಅದು ಇದೇ ಇರಬೇಕು ಎಂದು ಒಂದೊಂದಾಗಿ ಹುಡುಕಿಕೊಟ್ಟಳು. ಒಂದು ವಾರ ಮೋಹನ ಅನ್ನಕ್ಕಿಟ್ಟು ಸಿನಿಮಾ ನೋಡಿದ, ಉಂಡು ಸಿನಿಮಾ ನೋಡಿದ. ಕೆಂಪು ಹೊಯಿಗೆಯಲ್ಲಿ ಇದ್ದದ್ದು ಗಂಡಹೆಂಡತಿ. ಗಾಜಿನ ಪೆಟ್ಟಿಗೆಯಿಂದ ಎದ್ದವಳು ಒಬ್ಬ ಮುದುಕಿ. ನೋಡಿದ ಐದು ಸಿನಿಮಾಗಳಲ್ಲಿ ಒಂದರಲ್ಲೂ ಅಣ್ಣನಿಗೆ ತಮ್ಮನಿರಲಿಲ್ಲ.

ಮೊದಲು ಅವನಿಗೆ ಮೋಸ ಹೋದಂತಾಯಿತು. ಇಡೀ ಶಾಲೆಯ ಮುಂದೆ, ಇಷ್ಟು ವರ್ಷ ಎಲ್ಲರ ಮುಂದೆ, ಇಲ್ಲದ ಕತೆಯನ್ನು ತಾನು ಹೇಳಿಕೊಂಡು ಬಂದೆನಲ್ಲ ಎಂದು ಒಬ್ಬನೇ ಕೂತಲ್ಲಿ ಕಿವಿ ಬಿಸಿಯಾಯಿತು. ಎರಡನೆಯ ದಿನಕ್ಕೆ ಬೇರೆ ಯೋಚನೆ ಬಂತು. ಅಷ್ಟು ದೂರದ ಆಕಾಶದಲ್ಲಿ, ಯಾರೂ ಇಲ್ಲದ ಕಿಟಕಿಯಲ್ಲಿ, ಅಣ್ಣ ತನಗೆಂದು ಒಂದು ಜಾಗ ಮಾಡಿ ಕೂರಿಸಿದ್ದ. ಜಗಲಿಯಿಂದ ಏಳಲಾರದವನನ್ನು ನಕ್ಷತ್ರಗಳ ನಡುವೆ ತಿರುಗಾಡಿಸಿದ್ದ. ಮೋಹನನ ಕಣ್ಣು ಮಂಜಾಯಿತು. ಮೂರನೆಯ ದಿನ ಆ ಮಂಜು ಹರಿದು ಒಳಗಿದ್ದ ಮುಳ್ಳು ಕಂಡಿತು. ಹೌದು, ಕೂರಿಸಿದ್ದ. ಪ್ರತಿ ಕತೆಯಲ್ಲೂ ಕೂರಿಸಿದ್ದ. ಆ ತಮ್ಮ ಒಮ್ಮೆಯಾದರೂ ಎದ್ದದ್ದುಂಟೇ?

ರವಿವಾರ ಅಂಗಡಿಯ ಬಾಗಿಲು ಎಳೆದು ಭಟ್ಕಳದ ಬಸ್ಸು ಹತ್ತಿದ.

ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಬಂದರದಲ್ಲಿ ದೋಣಿಗಳೆಲ್ಲ ಮೈಮೇಲೆ ತಾಡಪತ್ರಿ ಹೊದ್ದು ನಿಂತಿದ್ದವು. ತಿಮ್ಮಪ್ಪ ದೋಣಿ ಇಂಜಿನುಗಳ ರಿಪೇರಿಯವನು, ಅವನಿಗೆ ಇದೇ ದುಡಿತದ ಕಾಲ. ಮನೆಯ ಮುಂದಿನ ಚಪ್ಪರದಲ್ಲಿ ಒಂದು ಇಂಜಿನು ಬಿಚ್ಚಿ ಹರಡಿಕೊಂಡು, ಗೋಣಿಚೀಲದ ಮೇಲೆ ಕೂತು ಡೀಸೆಲ್‌ನಲ್ಲಿ ಬೋಲ್ಟು ತೊಳೆಯುತ್ತಿದ್ದ. ತಲೆ ಅರ್ಧ ನೆರೆತಿತ್ತು. ಮೋಹನನನ್ನು ಕಂಡು ತೊಳೆಯುವುದನ್ನು ನಿಲ್ಲಿಸಲಿಲ್ಲ. ಅವನ ಹೆಂಡತಿ ನೀಲಾ ಬಾಗಿಲಿಗೆ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಮೈದುನನನ್ನು ಮೇಲಿಂದ ಕೆಳಗೆ ನೋಡಿದಳು.

“ದಾರಿ ತಪ್ಪಿ ಬಂದದ್ದಾ, ಗೊತ್ತಿದ್ದೇ ಬಂದದ್ದಾ?”

“ಗೊತ್ತಿದ್ದೇ, ಅತ್ಗೆ.”

ತಿಮ್ಮಪ್ಪ ಬೋಲ್ಟಿನಿಂದ ಕಣ್ಣೆತ್ತದೆ ಹೆಂಡತಿಗೆ ಹೇಳಿದ. “ಬಂದವ್ರು ಮಾತ್ರೆ ತಗಳ್ತಾ ಇದ್ದಾರಾ ಕೇಳು.”

“ದಿನಾ ತಗಳ್ತೆ ಅಂತ ಹೇಳು ಅತ್ಗೆ.”

“ಮಳೇಲಿ ನೆನ್ಕಂಡು ಬಂದದ್ದೆಂತಕೆ ಕೇಳು.”

ನೀಲಾ ಇಬ್ಬರನ್ನೂ ನೋಡಿದಳು. “ನಾ ಎಂತ ಮೊಬೈಲ್ ಟವರ್ರಾ, ನಡುವೆ ನಿಂತು ನಿಮ್ಮ ಮಾತು ದಾಟ್ಸೂಕೆ? ಒಳಗೆ ಒಲೆ ಮೇಲೆ ಸಾರು ಅದೆ ನಂಗೆ.” ಹೇಳಿ, ಒಂದು ಟವೆಲನ್ನು ಮೋಹನನ ಹೆಗಲಿಗೆ ಎಸೆದು ಒಳಗೆ ಹೋಗಿಬಿಟ್ಟಳು.

ಮಾತು ದಾಟಿಸುವವರಿಲ್ಲದೆ ಅಣ್ಣತಮ್ಮ ಉಳಿದರು. ಪಕ್ಕದ ಮನೆಯಿಂದ ನವಾಯತಿ ಭಾಷೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು. ಚಪ್ಪರದ ತಗಡಿನಿಂದ ನೀರು ಒಂದೇ ಸಮ ಇಳಿಯುತ್ತಿತ್ತು. ಮೋಹನ ಗೋಣಿಚೀಲದ ತುದಿಗೆ ಕೂತ. ತಿಥಿಯ ಮಾತೆತ್ತಬೇಕೆಂದು ಬಾಯಿ ತೆರೆದರೆ ಬಂದದ್ದು ಬೇರೆಯೇ.

“ಆ ಚಿಪ್ಪಿನ ಹಡಗಿನ ಸಿನಿಮಾ ನೋಡಿದೆ.”

ತಿಮ್ಮಪ್ಪನ ಕೈ ನಿಂತಿತು.

“ತಮ್ಮ ಇಲ್ಲ ಅದ್ರಲ್ಲಿ.”

“ಇಲ್ವಾ?” ಎಂದ ತಿಮ್ಮಪ್ಪ. ನಾಲ್ಕು ವರ್ಷದಲ್ಲಿ ಅವನು ತಮ್ಮನಿಗೆ ನೇರ ಆಡಿದ ಮೊದಲ ಮಾತು ಅದು. ಅಣಕವಲ್ಲ, ನಿಜವಾಗಿಯೂ ಕೇಳುತ್ತಿದ್ದ.

“ನೀನೇ ನೋಡಿದ್ಯಲ್ಲ. ನಂಗೆಂತ ಕೇಳ್ತಿ?”

“ನಾ ಎಲ್ಲಿ ನೋಡಿದೆ,” ಎಂದು ತಿಮ್ಮಪ್ಪ ಬೋಲ್ಟನ್ನು ಬೆಳಕಿಗೆ ಹಿಡಿದ.

ಆಮೇಲೆ ಅವನು ಒಂದೊಂದೇ ತುಂಡು ಮಾತಿನಲ್ಲಿ ಹೇಳಿದ್ದನ್ನು ಮೋಹನ ಮನಸ್ಸಿನಲ್ಲಿ ಜೋಡಿಸಿಕೊಂಡ. ಐಸ್ ಕಾರ್ಖಾನೆ ಬಿಡುವುದು ಐದೂವರೆಗೆ. ಸಿನಿಮಾ ಶುರುವಾಗುವುದು ಆರಕ್ಕೆ, ಮುಗಿಯುವುದು ಎಂಟೂವರೆಗೆ. ಮಾವಿನಕುರ್ವೆಗೆ ಕಡೆಯ ದೋಣಿ ಏಳಕ್ಕೆ. ಒಳಗೆ ಹೋದರೆ ಆ ರಾತ್ರಿ ಹೊನ್ನಾವರದಲ್ಲೇ ಉಳಿಯಬೇಕು. ಟಾಕೀಸಿನ ಎದುರಿಗೆ ಗಾಜಿನ ಕಪಾಟಿನಲ್ಲಿ ಸಿನಿಮಾದ ಫೋಟೊ ಅಂಟಿಸುತ್ತಿದ್ದರು, ಏಳೋ ಎಂಟೋ. ಅವನ್ನು ಒಂದರಿಂದ ಕೊನೆಯವರೆಗೆ ನೋಡುತ್ತಿದ್ದ, ಹಿಂದುಮುಂದು ಮಾಡಿ ನೋಡುತ್ತಿದ್ದ. ಸಿನಿಮಾ ಶುರುವಾದ ಮೇಲೆ ಗೋಡೆಗೆ ಒರಗಿ ಅರ್ಧ ತಾಸು ಶಬ್ದ ಕೇಳುತ್ತಿದ್ದ. ಇಂಗ್ಲಿಷು ತಿಳಿಯುತ್ತಿರಲಿಲ್ಲ, ಸಿಡಿದದ್ದು ಅತ್ತದ್ದು ತಿಳಿಯುತ್ತಿತ್ತು. ಅಷ್ಟು ಕಟ್ಟಿಕೊಂಡು ದೋಣಿಗೆ ಓಡುತ್ತಿದ್ದ. ದೋಣಿ ದಾಟುವಷ್ಟರಲ್ಲಿ ಕತೆ ಆಗಬೇಕಿತ್ತು.

“ಒಂದೂ ನೋಡ್ಲಿಲ್ವಾ?”

“ಒಂದೂ ಇಲ್ಲ. ಈಗ್ಲೂ ಇಲ್ಲ.”

ಮೋಹನನಿಗೆ ನಗು ಬಂತು. ನಗಲಾಗಲಿಲ್ಲ. ಆ ಹುಡುಗನನ್ನು, ಗಾಜಿನ ಕಪಾಟಿಗೆ ಮೂಗು ಹಚ್ಚಿ ನಿಂತ ಹದಿನಾರರ ಹುಡುಗನನ್ನು, ಅವನು ಇಲ್ಲಿವರೆಗೆ ಕಂಡೇ ಇರಲಿಲ್ಲ. ತಾನು ಜಗಲಿಯಲ್ಲಿ ಒಬ್ಬನೇ ಕೂತಿದ್ದೆ ಎಂದೇ ಇಷ್ಟು ಕಾಲ ಎಣಿಸಿದ್ದ. ಹೊಳೆಯ ಆಚೆ ದಡದಲ್ಲಿ ಇನ್ನೊಬ್ಬ ಒಬ್ಬನೇ ನಿಂತಿದ್ದದ್ದು ಎಣಿಕೆಯಲ್ಲೇ ಇರಲಿಲ್ಲ. ಆದರೂ ಬಂದ ಕೆಲಸ ಬಿಡಲಾಗದು.

“ಅಮ್ಮನ ತಿಥಿ ಈ ಸಲ ನಾ ಮಾಡ್ತೆ. ನೀ ಆತು ಅನ್ಬೇಕು.”

ತಿಮ್ಮಪ್ಪ ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ಸಾಲಿನಲ್ಲಿಟ್ಟ. ಇನ್ನೊಂದು ತೆಗೆದುಕೊಂಡ.

“ಅಣ್ಣ ಅಲ್ಲದವ್ನ ಹತ್ರ ಎಂತಕೆ ಕೇಳ್ತಿ?”

ಮೋಹನ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ನಿನ್ನ ಕತೆಯಲ್ಲಿ ಯಾವಾಗ್ಲೂ ಅಣ್ಣನೇ ಹೊರಗೆ ಹೋಗ್ತಿದ್ದ,” ಎಂದ ಕೊನೆಗೆ. “ತಮ್ಮಂಗೆ ಒಂದ್ಸಲನಾದ್ರೂ ಕೇಳಿದ್ನಾ, ನೀ ಹೋಗ್ತ್ಯಾ ಅಂತ?”

“ಕೇಳಿದ್ರೆ ತಮ್ಮ ಹೋಗ್ತಿದ್ದ.”

“ಹೌದು. ಹೋಗ್ತಿದ್ದ.”

“ಅದ್ಕೇ ಕೇಳ್ಲಿಲ್ಲ.”

ನೀಲಾ ಊಟಕ್ಕೆ ಕರೆದಳು. ಮೂವರೂ ಉಂಡರು. ನೀಲಾ ಒಬ್ಬಳೇ ಬಾಯಿ ತುಂಬ ಮಾತಾಡಿದಳು, ಬಂದರದ್ದು, ಮಳೆಯದ್ದು, ಸೊಪ್ಪಿಗೆ ಹುಳ ಬಿದ್ದದ್ದು. ತಿಮ್ಮಪ್ಪ ಅನ್ನ ಕಲೆಸಿದ, ಕಲೆಸಿದ, ಅರ್ಧ ಬಿಟ್ಟು ಎದ್ದ. ಮೋಹನ ಹೊರಟಾಗ ಕೊಡೆ ಹಿಡಿದು ಹಿಂದೆಯೇ ಬಂದ. ಬಸ್‌ಸ್ಟ್ಯಾಂಡಿನವರೆಗೆ ಒಂದೇ ಕೊಡೆಯ ಕೆಳಗೆ ನಡೆದರು. ತಿಮ್ಮಪ್ಪನ ಬಲ ಹೆಗಲು ಪೂರ್ತಿ ನೆನೆಯುತ್ತಿತ್ತು. ಮೋಹನ ಅದನ್ನು ಕಂಡು ಕೊಡೆಯನ್ನು ಅತ್ತ ದೂಡಿದ, ಅದು ಮತ್ತೆ ಇತ್ತ ಬಂತು.

ಹೊನ್ನಾವರದ ಬಸ್ಸು ಬಂದು ನಿಂತಾಗ ತಿಮ್ಮಪ್ಪ, ಬಸ್ಸಿನ ಚಕ್ರ ನೋಡುತ್ತ, “ಆತು,” ಎಂದ. “ಮಾಡು. ನಾ ಬರೂದಿಲ್ಲ.”

“ಎಂತಕೆ?”

“ಬಂದ್ರೆ ಸುಮ್ನೆ ನಿಲ್ಲೂಕೆ ಆಗೂದಿಲ್ಲ ನಂಗೆ. ನೀರು ತಂಡಿ ಅಂತ ಹೇಳ್ತೆ, ಸಾಕು ಮೇಲೆ ಬಾ ಅಂತ ಕರೀತೆ, ಮತ್ತೊಂದು ಕುರ್ಚಿ ಹುಡ್ಕತೆ. ನೀ ಮಾಡೂದಾದ್ರೆ ನೀನೇ ಮಾಡು. ನಾ ಇಲ್ಲೇ ಇರ್ತೆ.”

ಕಂಡಕ್ಟರ್ ಬೇಗ ಹತ್ತಿ ಎಂದು ಬಾಗಿಲು ಬಡಿದ. ಮೋಹನ ಹತ್ತಿದ. ಒಳಗಿನಿಂದ ನೋಡುವಾಗ ಗಾಜಿನ ಮೇಲೆ ನೀರು ಹರಿದು ಅಣ್ಣ ಕಾಣಲಿಲ್ಲ, ಕೊಡೆಯ ಕಪ್ಪು ಮಾತ್ರ ಕಂಡಿತು. ಕೇಳಿದ್ದು ಸಿಕ್ಕಿತ್ತು. ಸಿಕ್ಕ ಸಂತೋಷ ಎಲ್ಲಿದೆಯೆಂದು ಮಂಕಿ ದಾಟುವವರೆಗೂ ತನ್ನೊಳಗೆ ತಡಕುತ್ತಿದ್ದ.

ತಿಥಿಯ ದಿನ ಬೆಳಿಗ್ಗೆ ಧಾರೇಶ್ವರದ ಕಡಲು ಮಣ್ಣಿನ ಬಣ್ಣಕ್ಕೆ ತಿರುಗಿ ಕೂಗುತ್ತಿತ್ತು. ದೇವಸ್ಥಾನದ ಪಕ್ಕದ ಜಗಲಿಯಲ್ಲಿ ಕೃಷ್ಣಾನಂದ ಭಟ್ಟರು ದರ್ಭೆ ಬಿಡಿಸಿಕೊಂಡು ಕೂತಿದ್ದರು. ಬೆಂಕಿ ಇಟ್ಟವ ಒಪ್ಪಿದ್ದಾನಾ ಎಂದು ಕೇಳಿದರು. ಬಾಯಿಬಿಟ್ಟು ಆತು ಅಂದಿದ್ದಾನೆ ಎಂದ ಮೋಹನ. ಅವನು ನಿನಗೇನಾಗಬೇಕು, ಸಂಕಲ್ಪದಲ್ಲಿ ಅದು ನಿನ್ನ ಬಾಯಿಂದಲೇ ಬರಬೇಕಲ್ಲ ಎಂದರು.

“ಅಣ್ಣ,” ಎಂದ ಮೋಹನ. ನಾಲ್ಕು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು, ಕೇಳಬೇಕಾದವನು ಇಲ್ಲದ ಜಾಗದಲ್ಲಿ, ಅಷ್ಟು ಸಲೀಸಾಗಿ ಹೊರಬಿತ್ತು.

ಪಿಂಡ ಕಟ್ಟಿದ. ಅಮ್ಮನ ಹೆಸರು, ಅವಳ ಅತ್ತೆಯ ಹೆಸರು, ಅದರ ಹಿಂದಿನದು, ಭಟ್ಟರು ಹೇಳಿಕೊಟ್ಟಂತೆ ಹೇಳಿದ. ಆಮೇಲೆ ಅಲೆಯ ಅಂಚಿಗೆ ಹೋಗಿ ವಿಸರ್ಜಿಸಿ ಮೂರು ಸಲ ಮುಳುಗಿ ಬಾ, ಆಳಕ್ಕೆ ಹೋಗಬೇಡ, ಮೊಣಕಾಲು ಮಟ್ಟದಲ್ಲಿ ಕೂತು ಮುಳುಗು ಎಂದು ಅವರು ಜಗಲಿಯಲ್ಲೇ ಉಳಿದರು. ಮಳೆ ಜೋರಾಗಿತ್ತು.

ನೀರು ತಂಡಿಯಾಗಿತ್ತು. ಅಣ್ಣ ಹೇಳುತ್ತಿದ್ದುದಕ್ಕಿಂತ ತಂಡಿ. ಮೊದಲ ಸಲ ಮುಳುಗಿದಾಗ ಎದೆಯೊಳಗಿನ ಬಡಿತ ಕಿವಿಯಲ್ಲಿ ಕೇಳಿತು. ಎರಡನೆಯ ಸಲಕ್ಕೆ ಅದು ಕಡಲಿನ ಸದ್ದಿನಲ್ಲಿ ಬೆರೆಯಿತು. ಮೂರನೆಯ ಸಲ ಅಮ್ಮಾ ಎಂದು ಮನಸ್ಸಿನಲ್ಲಿ ಅಂದುಕೊಂಡು ಮುಳುಗಿ, ಎದ್ದು, ಕಣ್ಣಿನ ಉಪ್ಪು ಒರೆಸಿಕೊಂಡು ದಡದ ಕಡೆಗೆ ತಿರುಗಿದ.

ಗಾಳಿಮರಗಳ ಸಾಲನ್ನು ಒಂದು ತುದಿಯಿಂದ ನೋಡುತ್ತ ಹೋದ. ಎಳೆದಿಟ್ಟ ಪಾತಿದೋಣಿಗಳ ಮರೆ ನೋಡಿದ. ದೇವಸ್ಥಾನದ ದಾರಿಯಲ್ಲಿ ಯಾರೋ ಕೊಡೆ ಹಿಡಿದು ಬರುವಂತೆ ಕಂಡಿತು, ಹತ್ತಿರ ಬಂದಾಗ ಅದು ಹೂವಿನ ಬುಟ್ಟಿ ಹೊತ್ತ ಹೆಂಗಸು. ಅವಳು ತನ್ನ ಪಾಡಿಗೆ ತಾನು ಹೋದಳು. ಬರುವುದಿಲ್ಲ ಎಂದವನು ಬಂದು ಎಲ್ಲೋ ನಿಂತಿರುತ್ತಾನೆ, ಹಲ್ಲು ಕಚ್ಚಿಕೊಂಡು ಸುಮ್ಮನೆ ನೋಡುತ್ತಿರುತ್ತಾನೆ ಎಂದು ತಾನು ಬೆಳಗಿನಿಂದ ನಂಬಿದ್ದೆನೆಂಬುದು ಮೋಹನನಿಗೆ ಆಗ ತಿಳಿಯಿತು. ಇನ್ನೊಮ್ಮೆ ನೋಡಿದ. ಉದ್ದಕ್ಕೂ ಒದ್ದೆ ಹೊಯಿಗೆ, ಅದರ ಮೇಲೆ ಅವನು ನಡೆದು ಬಂದ ಹೆಜ್ಜೆ ಮಾತ್ರ.

ಅಣ್ಣ ಮಾತು ಉಳಿಸಿಕೊಂಡಿದ್ದ.

ಮೋಹನನಿಗೆ ಮೈ ನಡುಗಲು ಶುರುವಾಯಿತು. ತಡೆಯಲು ಹೋಗಲಿಲ್ಲ. ಯಾರೂ ನೋಡುತ್ತಿರಲಿಲ್ಲವಾದ್ದರಿಂದ, ಒದ್ದೆ ಪಂಚೆಯಲ್ಲೇ ಅಲೆಯ ಅಂಚಿಗೆ ನಿಂತು, ಬೇಕಾದಷ್ಟು ಹೊತ್ತು ನಡುಗಿದ.